ಪರದೆ, ಬೋರ್ಡು, ತೇರುಬಯಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲೂಕು ಊರುಗಳಲ್ಲಿ ಮಾರುಕಟ್ಟೆ ಇದೆ, ಮಠಗಳಿವೆ, ಒಂದು ಕಾಲದಲ್ಲಿ ಸಾಲು ನಿಲ್ಲಿಸುತ್ತಿದ್ದ ಟಾಕೀಸುಗಳಿದ್ದವು. ಕಲ್ಯಾಣಮಂಟಪಗಳಿಗಂತೂ ಲೆಕ್ಕವಿಲ್ಲ. ಚಿತ್ರ ತೂಗುಹಾಕಲೆಂದೇ ಕಟ್ಟಿದ ಒಂದು ಕೋಣೆ ಮಾತ್ರ ಎಲ್ಲೂ ಇಲ್ಲ. ಹಾಗಂತ ಚಿತ್ರ ಬರೆಯುವವರಿಲ್ಲ, ನೋಡುವವರಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಈ ತಾಲೂಕುಗಳ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಇಡೀ ನೌಕರಿ ಕಳೆದವನು ನಾನು. ಇಲ್ಲಿ ಚಿತ್ರಕ್ಕೆ ಒಂದು ಇತಿಹಾಸವಿದೆ. ಅದು ಕೋಣೆಯೊಳಗೆ ನಡೆಯಲಿಲ್ಲ, ಅಷ್ಟೇ.

ಕೋಣೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಬಡತನ, ಬರ ಎಂದೆಲ್ಲ ಕಾರಣ ಕೊಡುತ್ತಾರೆ. ನನಗನ್ನಿಸುವ ಕಾರಣ ಬೇರೆ: ಗಡಿ. 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯ ನಾವು ಮದರಾಸಿನವರು. ತುಂಗಭದ್ರೆ ದಾಟಿ ಪಶ್ಚಿಮಕ್ಕೆ ಹೋದರೆ ಮುಂಡರಗಿ, ಗದಗ. ಅದು ಮುಂಬೈ ಪ್ರಾಂತ. ಉತ್ತರಕ್ಕೆ ಹೊಳೆಯಾಚೆ ಕೊಪ್ಪಳ, ಅದು ನಿಜಾಮರದು. ದಕ್ಷಿಣಕ್ಕೆ ದಾವಣಗೆರೆ, ಚಿತ್ರದುರ್ಗ. ಅದು ಮೈಸೂರು ಮಹಾರಾಜರದು. ಮಗ್ಗುಲಲ್ಲೇ ಸಂಡೂರು, ಅದಕ್ಕೆ ಘೋರ್ಪಡೆಯವರೇ ಅರಸರು. ಐದು ಸರ್ಕಾರಗಳ ಅಂಚು ಬಂದು ಸೇರುವ ಜಾಗದಲ್ಲಿ ಕೂತಿದ್ದೆವು. ಚಿತ್ರಶಾಲೆಗಳು ರಾಜಧಾನಿಗಳಲ್ಲಿ ಹುಟ್ಟುತ್ತವೆ. ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಡಾಕ್ಟರು ಕಲಾಶಾಲೆ ತೆರೆದ. 1929ರಿಂದ ಅದನ್ನು ನಡೆಸಿದವರು ದೇವಿಪ್ರಸಾದ ರಾಯ್‌ಚೌಧುರಿ. ಮುಂಬೈಯಲ್ಲಿ 1857ರ ಜೆ.ಜೆ. ಸ್ಕೂಲು. ಮೈಸೂರಿನಲ್ಲಿ 1906ರ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಜೆ.ಜೆ.ಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲೇ ಶಾಲೆ ತೆಗೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಬಂತು. ಮುಂಬೈಯ ಬೆಳಕು ಹೀಗೆ ಹೊಳೆಯ ಆ ದಡದ ತನಕ ಹರಿಯಿತು. ಹರಪನಹಳ್ಳಿಯ ಹುಡುಗನಿಗೆ ಮಾತ್ರ ಸರ್ಕಾರಿ ಲೆಕ್ಕದಲ್ಲಿ ಸಿಗಬೇಕಾದ ಕಲಾಶಾಲೆ ಮದರಾಸಿನಲ್ಲಿತ್ತು. ಅಲ್ಲಿಗೆ ಹೋಗಲು ರೈಲಿಗೆ ದುಡ್ಡೂ ಬೇಕು, ಬಾಯಿಗೆ ತಮಿಳೋ ಇಂಗ್ಲಿಷೋ ಬೇಕು.

ಮದರಾಸಿನಿಂದ ಈ ಕಡೆ ಬಂದದ್ದು ಒಬ್ಬ ಮನುಷ್ಯ, ಅಳತೆಪಟ್ಟಿ ಹಿಡಿದುಕೊಂಡು. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ. 1896ರಲ್ಲಿ ಆತ ಹೊರತಂದ ಚಾಲುಕ್ಯ ವಾಸ್ತುಶಿಲ್ಪದ ದೊಡ್ಡ ಪುಸ್ತಕದಲ್ಲಿ ಇರುವುದೆಲ್ಲ ಬಳ್ಳಾರಿ ಜಿಲ್ಲೆಯ ಉದಾಹರಣೆಗಳೇ. ಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿ, ಬಾಗಳಿ, ನೀಲಗುಂದ. ಬಾಗಿಲುವಾಡಗಳು, ಕಂಬಗಳು, ಭುವನೇಶ್ವರಿಗಳು, ಒಂದೊಂದೂ ಇಂಚಿನ ಲೆಕ್ಕದಲ್ಲಿ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಬಾಗಿಲ ಕಂಬಗಳ ಮೇಲೆ ನಿಂತ ಮದನಿಕೆಯರನ್ನು ನೋಡಿದವರಿಗೆ ಗೊತ್ತು. 11ನೆಯ ಶತಮಾನದ ಕೊನೆಯ ಕೆಲಸ ಅದು. ಬಳ್ಳಿಯ ಹೆಣಿಗೆಯ ನಡುವೆ ಸೊಂಟ ತಿರುಗಿಸಿ ನಿಂತ ಹೆಣ್ಣು, ಕಲ್ಲನ್ನು ಹಿಂದಿನಿಂದಲೂ ಕೊರೆದು ಬಿಡಿಸಿರುವುದರಿಂದ ಬೆಳಕು ಆಚೆಯಿಂದ ತೂರಿ ಬರುತ್ತದೆ. ಬೇಲೂರಿನ ಮದನಿಕೆಯರಿಗಿಂತ ಹಿರಿಯರು ಇವರು, ಹೆಸರು ಮಾತ್ರ ಕಿರಿಯರದು. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಬರೆಯಬೇಡಿ, ಮೊದಲು ಸುತ್ತು ಹಾಕಿ ಎನ್ನುತ್ತಿದ್ದೆ. ನಮ್ಮ ಕಡೆ ಒಂದು ಮಾತಿದೆಯಲ್ಲ, ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಅಂತ. ಉಜ್ಜಿನಿಯ ಗುಡಿಯ ಒಳಮಾಳಿಗೆ ನೋಡಿದರೆ ಮಾತು ಸುಳ್ಳಲ್ಲ. ಇನ್ನು ಹಳತೇ ಬೇಕೆಂದರೆ ಕೂಡ್ಲಿಗಿ ತಾಲೂಕಿನ ಕುಮತಿ, ಹುಲಿಕುಂಟೆಗಳಿಗೆ ಹೋಗಬೇಕು. ಬೃಹತ್ ಶಿಲಾಯುಗದ ಜನ ಬಂಡೆಯ ಚಪ್ಪಡಿಯನ್ನು ಭುಜ, ತಲೆ ಬರುವ ಹಾಗೆ ಒಡೆದು ಹೊಲದಲ್ಲಿ ನಿಲ್ಲಿಸಿ ಹೋಗಿದ್ದಾರೆ. ಈಗಿನವರು ಇನ್‌ಸ್ಟಲೇಶನ್ ಎಂದು ಹೇಳಿ ಟಿಕೆಟ್ ಇಡುವ ಸಂಗತಿ, ಅಲ್ಲಿ ದನ ಮೈ ತಿಕ್ಕಿಕೊಳ್ಳುತ್ತವೆ.

ಇದೆಲ್ಲ ಕಲ್ಲಿನ ಮಾತಾಯಿತು. ಬಣ್ಣದ ಮಾತಿಗೆ ಬರೋಣ.

ನನ್ನ ತಲೆಮಾರಿನವರು ಕಂಡ ಮೊದಲ ದೊಡ್ಡ ಚಿತ್ರ ನಾಟಕದ ಪರದೆ. ಕೊಟ್ಟೂರೇಶ್ವರನ ತೇರು ಫೆಬ್ರುವರಿಯ ಆಸುಪಾಸಿಗೆ ಬರುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಜನ ರಾತ್ರಿಯೆಲ್ಲ ನಡೆದು ಬರುತ್ತಾರೆ. ಆ ಜನರನ್ನು ನಂಬಿಕೊಂಡು ನಾಟಕ ಕಂಪನಿಯವರು ತಗಡಿನ ಥಿಯೇಟರು ಹಾಕುತ್ತಿದ್ದರು. ತೇರು ಮುಗಿದು ಮಿರ್ಚಿ ಮಂಡಕ್ಕಿ ತಿಂದು ಒಳಗೆ ಹೋಗಿ ಕೂತರೆ ಗಂಟೆ ಹೊಡೆದು ಮುಂದಿನ ಪರದೆ ಸುತ್ತಿಕೊಂಡು ಮೇಲೇಳುತ್ತಿತ್ತು. ಹಿಂದೆ ದರ್ಬಾರು. ಕಂಬದ ಹಿಂದೆ ಕಂಬ, ಕಂಬದ ಹಿಂದೆ ಕಂಬ, ಕೊನೆಗೆ ಬೆರಳುಗಾತ್ರದ ಬಾಗಿಲು. ದೂರ ಹೋದದ್ದು ಸಣ್ಣದಾಗುತ್ತದೆ ಎಂಬ ಪಾಶ್ಚಾತ್ಯ ದೃಷ್ಟಿಕ್ರಮವನ್ನು ನಮ್ಮ ರೈತರು ಪುಸ್ತಕ ಓದಿ ಕಲಿಯಲಿಲ್ಲ, ಆ ದರ್ಬಾರ್ ಸೀನಿನಿಂದ ಕಲಿತರು. ಅರಮನೆ, ಬೀದಿ, ಕಾಡು, ಸೆರೆಮನೆ, ಬಡವನ ಮನೆ. ಇಷ್ಟು ಪರದೆಗಳಿದ್ದರೆ ಯಾವ ನಾಟಕವನ್ನಾದರೂ ಆಡಬಹುದಿತ್ತು. ಊರ ಹುಡುಗರು ಯುಗಾದಿಗೋ ಜಾತ್ರೆಗೋ ನಾಟಕ ಕಲಿತರೆ ಸೀನರಿ ಬಾಡಿಗೆಗೆ ತರುತ್ತಿದ್ದರು, ಕರಪತ್ರದಲ್ಲಿ ನಟರ ಹೆಸರಿನ ಜೊತೆಗೆ ಸೀನ್ಸ್ ಯಾರದು ಎಂಬುದೂ ಅಚ್ಚಾಗುತ್ತಿತ್ತು. ಚಿತ್ರ ಬರೆದವನ ಹೆಸರು ಎಲ್ಲೂ ಇರುತ್ತಿರಲಿಲ್ಲ.

ಪರದೆ ಬರೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಾಂಜರಪಾಟ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹೊಲಿದು ಬಯಲಲ್ಲೋ ಹತ್ತಿ ಗೋದಾಮಿನಲ್ಲೋ ನೆಲದ ಮೇಲೆ ಹಾಸಿ ಸುತ್ತ ಮೊಳೆ ಹೊಡೆಯುತ್ತಿದ್ದರು. ಮೊದಲು ಗಂಜಿಯ ಲೇಪ. ಅದು ಒಣಗಿ ಬಟ್ಟೆ ಡೋಲಿನ ಹಾಗೆ ಬಿಗಿದ ಮೇಲೆ ಬಿಳಿ ಸುಣ್ಣಪುಡಿಯ ಲೇಪ. ಪುಡಿಬಣ್ಣವನ್ನು ವಜ್ರದಲ್ಲಿ ಕಲಸಬೇಕು. ವಜ್ರವೆಂದರೆ ಬಡಗಿಗಳು ಬಳಸುವ ಅಂಟು. ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಬೇಕು, ಅದರ ವಾಸನೆಗೆ ಹೊಸಬರು ಎದ್ದು ಹೋಗುತ್ತಿದ್ದರು. ವಜ್ರ ಕಡಿಮೆಯಾದರೆ ಪರದೆ ಸುತ್ತಿದಾಗ ಬಣ್ಣ ಉದುರುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಬರೆಯುವವನು ಬಟ್ಟೆಯ ಮೇಲೆ ಬರಿಗಾಲಲ್ಲಿ ನಿಂತು, ಉದ್ದನೆಯ ಬಿದಿರಿಗೆ ಕಟ್ಟಿದ ಬ್ರಷ್ಷಿನಿಂದ ಎಳೆಯುತ್ತಿದ್ದ. ಒದ್ದೆ ಇದ್ದಾಗ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ಎರಡು ಪಟ್ಟು ತಿಳಿಯಾಗುತ್ತದೆ. ಆ ಲೆಕ್ಕ ತಲೆಯಲ್ಲೇ ಇರಬೇಕು. ಅದರ ಮೇಲೆ ರಾತ್ರಿ ಗ್ಯಾಸ್‌ಲೈಟಿನ ಬೆಳಕು ಬಿದ್ದರೆ ಹೇಗಿರುತ್ತದೆ ಎಂಬ ಲೆಕ್ಕ ಬೇರೆ. ಕಲಾಶಾಲೆಯಲ್ಲಿ ನನಗೆ ಇಷ್ಟನ್ನು ಯಾರೂ ಕಲಿಸಲಿಲ್ಲ.

ಇದೇ ಕೈಗಳು ಫೋಟೋ ಸ್ಟುಡಿಯೋಗಳ ಹಿನ್ನೆಲೆಯನ್ನೂ ಬರೆದವು. ಮೆಟ್ಟಿಲು, ಹೂಕುಂಡ, ಆಚೆ ಒಂದು ಸರೋವರ. ಹಗರಿಬೊಮ್ಮನಹಳ್ಳಿ ಸುತ್ತಲಿನ ಎಷ್ಟೋ ಮದುಮಕ್ಕಳು ಆ ಸರೋವರದ ಮುಂದೆ ನಿಂತಿದ್ದಾರೆ. ಅದೇ ಹೊತ್ತಿಗೆ ನಿಜವಾದ ನೀರು ಅವರ ಅಪ್ಪ ಅಮ್ಮಂದಿರ ಹೊಲ ಮುಳುಗಿಸಿ ನಿಂತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ತುಂಬಿದಾಗ ನಾರಾಯಣದೇವರಕೆರೆಯಂಥ ಊರುಗಳೇ ಎದ್ದು ಹೋದವು. ಮನೆಯ ಗೋಡೆಗೆ ಬಂದ ಚಿತ್ರವೆಂದರೆ ಕ್ಯಾಲೆಂಡರು. ಕಲಬುರಗಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳಗಿದ ಎಸ್.ಎಂ. ಪಂಡಿತರ ಶಿವ, ಮೇನಕೆ, ರಾಧೆಯರು ಕಿರಾಣಿ ಅಂಗಡಿ, ಕ್ಷೌರದ ಅಂಗಡಿಗಳಲ್ಲಿ ವರ್ಷವಿಡೀ ಇರುತ್ತಿದ್ದರು. ಡಿಸೆಂಬರು ಮುಗಿದರೂ ತಾರೀಕಿನ ಹಾಳೆ ಕಿತ್ತು ಚಿತ್ರವನ್ನು ಕಟ್ಟು ಹಾಕಿಸುವವರಿದ್ದರು. ನಮ್ಮ ಕಡೆಯ ಗ್ಯಾಲರಿಗಳು ಇವೇ ಎಂದರೆ ಕೆಲವು ಕಲಾವಿಮರ್ಶಕರಿಗೆ ಸಿಟ್ಟು ಬರುತ್ತದೆ. ಬರಲಿ.

1964ರಲ್ಲಿ ದಾವಣಗೆರೆಯಲ್ಲಿ ಚಿತ್ರಕಲಾ ಶಾಲೆ ಶುರುವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಲಲಿತಕಲಾ ಅಕಾಡೆಮಿಯೂ ಹುಟ್ಟಿತು, ಆದರೆ ನಮಗೆ ಮುಖ್ಯವಾದದ್ದು ದಾವಣಗೆರೆಯದು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಮದರಾಸಿನ ಕಾಲ ಮುಗಿದು ರಾಜ್ಯ ಒಂದಾಗಿತ್ತು, ಗಡಿ ಎಂಬ ಗೋಡೆ ಇರಲಿಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಿಂದ ಹುಡುಗರು ಹೊರಟರು. ನಾನು ಹೋದದ್ದು ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ. ಅಲ್ಲಿಗೆ ಹೋಗುವ ಮೊದಲು ದಾಟಬೇಕಾದ ಹೊಸ್ತಿಲು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ. ಬೆಂಚಿನ ಮೇಲೆ ತಂಬಿಗೆ, ಪಕ್ಕದಲ್ಲೊಂದು ಬದನೆಕಾಯಿ, ಹಿಂದೊಂದು ಬುಟ್ಟಿ. ತಂಬಿಗೆಯ ಬಾಯಿ ದೀರ್ಘವೃತ್ತವಾಗಿ ಬರಬೇಕು, ಎರಡು ತುದಿಯೂ ಚೂಪಾಗಬಾರದು. ಈ ತಾಲೂಕುಗಳಲ್ಲಿ ನೌಕರಿ ಹಿಡಿದ ಪ್ರತಿಯೊಬ್ಬ ಡ್ರಾಯಿಂಗ್ ಮೇಷ್ಟ್ರೂ ಆ ತಂಬಿಗೆಯ ಬಾಯಿಂದಲೇ ಹೊರಬಂದವನು.

ಮೇಷ್ಟ್ರುಗಿರಿ ಸಿಗದವರು ಬೋರ್ಡ್ ಬರೆಯಲು ಕೂತರು. ಬಸ್‌ಸ್ಟ್ಯಾಂಡಿನ ಎದುರಿಗೆ ಹತ್ತಡಿ ಅಂಗಡಿ, ಬಾಗಿಲಿಗೆ ಒರಗಿಸಿದ ತಗಡು, ಮೇಲೆ 'ಆರ್ಟ್ಸ್' ಎಂದು ಮುಗಿಯುವ ಒಂದು ಹೆಸರು. ಸೀಮೆಸುಣ್ಣ ತಿಕ್ಕಿದ ದಾರವನ್ನು ಎರಡು ತುದಿಗೆ ಹಿಡಿದು ಟಪ್ಪನೆ ಹೊಡೆದರೆ ಗೆರೆ ಬೀಳುತ್ತದೆ. ಅದರ ಮೇಲೆ ಕನ್ನಡ ಅಕ್ಷರ ಕೂರಿಸುವುದು ಹುಡುಗಾಟವಲ್ಲ. ತಲೆಕಟ್ಟು ಒಂದೇ ಮಟ್ಟದಲ್ಲಿ ಹೋಗಬೇಕು, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟಿರಬೇಕು. 'ಶ್ರೀ ಗುರು ಕೊಟ್ಟೂರೇಶ್ವರ' ಎಂದು ಬರೆಯುವಷ್ಟರಲ್ಲಿ ಮನುಷ್ಯನ ಕೈ ಏನು ಎಂಬುದು ತಿಳಿದುಬಿಡುತ್ತದೆ. ಹತ್ತನೇ ಕ್ಲಾಸು ಫೇಲಾದ ಹುಡುಗರು ಬ್ರಷ್ ತೊಳೆಯಲು ಸೇರಿ, ಆರು ತಿಂಗಳಿಗೆ ಬಾರ್ಡರು, ಎರಡು ವರ್ಷಕ್ಕೆ ಅಕ್ಷರ, ಆಮೇಲೆ ಮುಖಚಿತ್ರ ಎಂದು ಮೇಲೇರುತ್ತಿದ್ದರು. ಚುನಾವಣೆ ಬಂದರೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ನಮ್ಮ ಐದು ತಾಲೂಕುಗಳ ನಿಜವಾದ ಕಲಾಶಾಲೆ ಆ ಹತ್ತಡಿ ಅಂಗಡಿ. ಫೀಸಿಲ್ಲ, ಪ್ರಮಾಣಪತ್ರವಿಲ್ಲ, ಜಾತಿ ಕೇಳಿ ಸೇರಿಸಿಕೊಂಡದ್ದನ್ನೂ ನಾನು ಅಷ್ಟಾಗಿ ಕಾಣಲಿಲ್ಲ.

ಪ್ರದರ್ಶನ ಎಂಬುದನ್ನು ನಾವು ಕೆಲವರು ಶುರುಮಾಡಿದ್ದು ತೇರಿನ ಹೊತ್ತಿನಲ್ಲೇ. ಜನರನ್ನು ಚಿತ್ರದ ಹತ್ತಿರ ಕರೆಯುವ ಬದಲು ಜನ ಇರುವಲ್ಲಿಗೆ ಚಿತ್ರ ಒಯ್ಯುವುದು. ಶಾಲೆಯ ಎರಡು ಕೋಣೆ, ಕಿಟಕಿಯಿಂದ ಕಿಟಕಿಗೆ ಸುತಳಿ, ಬಟ್ಟೆಗೆ ಹಾಕುವ ಕ್ಲಿಪ್ಪು. ಕ್ರಾಫ್ಟ್ ಕೋಣೆಯ ಕತ್ತರಿಯಿಂದ ಹೆಡ್‌ಮಾಸ್ತರು ರಿಬ್ಬನ್ ಕತ್ತರಿಸಿದರು. ಉದ್ಘಾಟನೆ ಮುಗಿಯಿತು. ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ನಾನು ಆಮೇಲೆ ಎಷ್ಟೋ ಉದ್ಘಾಟನೆಗಳನ್ನು ನೋಡಿದ್ದೇನೆ. ಚಹಾ, ಬಿಸ್ಕೀಟು, ಅಭಿಪ್ರಾಯ ಬರೆಯಲು ಒಂದು ಪುಸ್ತಕ, ಗೋಡೆಗೆ ಬೆನ್ನು ಹಾಕಿ ಮಾತಾಡುವ ಜನ. ಕೊಟ್ಟೂರಿನಲ್ಲಿ ಬೆನ್ನು ಹಾಕುವವರಿಲ್ಲ. ಮುಟ್ಟುತ್ತಾರೆ, ಮೂಸುತ್ತಾರೆ, ಇದು ಕೈಯಾಗ ಬರ್ದಿದ್ದೋ ಮಿಷನ್ನಿಂದೋ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ. ಒಮ್ಮೆ ನನ್ನ ಶಿಷ್ಯನೊಬ್ಬ ಕಣ ತುಳಿಸುವ ಚಿತ್ರ ಬರೆದಿದ್ದ, ನಡುವಿನ ಮೇಟಿ ಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಹಾರುವ ಹೊಟ್ಟು, ಇಳಿಬಿಸಿಲು. ನಮಗೆಲ್ಲ ಮೆಚ್ಚುಗೆಯಾಗಿತ್ತು. ತಲೆಯ ಮೇಲೆ ಬುತ್ತಿಗಂಟು ಹೊತ್ತ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ನಿಂತು ನೋಡಿ, "ಯಪ್ಪಾ, ಮೇಟಿ ಮಗ್ಗಲಾಗ ಮುದಿ ಎತ್ತು ಕಟ್ತಾರ. ಹೋರಿ ಕಟ್ಟಿದ್ರ ಅದು ತಿರುಗ್ತದೇನು? ಹೋರಿ ಹೊರಗಿರಬೇಕು" ಅಂದಳು. ಒಳಸುತ್ತಿನ ಎತ್ತು ನಿಂತಲ್ಲೇ ತಿರುಗಬೇಕು, ಹೊರಸುತ್ತಿನದು ಓಡಬೇಕು. ಅವಳು ಹೇಳಿದ್ದು ಸರಿ. ಅಂಥ ವಿಮರ್ಶೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಹುಡುಗ ಆ ರಾತ್ರಿಯೇ ಎತ್ತಿನ ಜಾಗ ಬದಲಿಸಿದ.

ಮಾರಾಟ? ಅದನ್ನು ಕೇಳಬಾರದು. ಚಿತ್ರ ಕೊಳ್ಳುವ ಅಭ್ಯಾಸ ನಮ್ಮಲ್ಲಿ ಬರಲಿಲ್ಲ. ಅಪ್ಪನ ಫೋಟೋ ಕೊಟ್ಟು ದೊಡ್ಡದಾಗಿ ಬರೆಸುವವರು, ಮಠಕ್ಕೆ ಸ್ವಾಮಿಗಳ ಭಾವಚಿತ್ರ ಮಾಡಿಸುವವರು ಇದ್ದರು. ಅಷ್ಟೇ.

ಹಡಗಲಿಯ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಎಂ.ಪಿ. ಪ್ರಕಾಶರಿದ್ದರು. ಮುಳುಗಿದ ನಾರಾಯಣದೇವರಕೆರೆಯಲ್ಲೇ ಹುಟ್ಟಿ, ವಕೀಲರಾಗಿ, ಮಂತ್ರಿಯಾಗಿ, ಉಪಮುಖ್ಯಮಂತ್ರಿಯಾದವರು. ನಾಟಕದ ಹುಚ್ಚು ಬಿಡಲಿಲ್ಲ, ಹಡಗಲಿಯಲ್ಲಿ ರಂಗಭಾರತಿ ಕಟ್ಟಿದರು. ಅಷ್ಟು ಸಣ್ಣ ಊರಿನಲ್ಲಿ ಹೊಸ ನಾಟಕ, ಸಾಹಿತಿಗಳ ಓಡಾಟ, ಚರ್ಚೆ ಎಂದರೆ ಅವರಿಂದ. ಹಂಪಿ ಉತ್ಸವದ ಹಿಂದೆ, 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯದ ಬೆಳವಣಿಗೆಯ ಹಿಂದೆ ಅವರ ಆಸ್ಥೆ ಇತ್ತು. ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ವಿಭಾಗವೂ ಬಂತು, ನಮ್ಮ ಮಕ್ಕಳಿಗೆ ಹೊಸಪೇಟೆಯಾಚೆಗೇ ಚಿತ್ರಕಲೆಯಲ್ಲಿ ಸಂಶೋಧನೆ ಮಾಡುವ ದಾರಿಯಾಯಿತು. ನನ್ನದೊಂದು ತಕರಾರು: ನಮ್ಮ ಕಡೆ ಸಂಸ್ಕೃತಿ ಎಂದರೆ ನಾಟಕ, ಸಂಗೀತ, ಬಯಲಾಟ. ಚಿತ್ರ ಯಾವಾಗಲೂ ಅವುಗಳ ಹಿಂದೆ ಪರದೆಯಾಗಿಯೇ ನಿಂತಿತು. ಪ್ರಕಾಶರು 2011ರಲ್ಲಿ ತೀರಿಕೊಂಡರು. ಇನ್ನಷ್ಟು ಕಾಲ ಇದ್ದಿದ್ದರೆ ಇದನ್ನೇ ಕೇಳಬೇಕೆಂದಿದ್ದೆ.

ಹಂಪಿ ಉತ್ಸವದಂಥ ಉತ್ಸವಗಳಲ್ಲಿ ಚಿತ್ರಕಲಾ ಶಿಬಿರ ನಡೆಯುತ್ತದೆ. ಗಣ್ಯರು ಬರುವುದು ತಡ, ಅಷ್ಟರಲ್ಲಿ ಪ್ಯಾಲೆಟ್ಟಿನ ಬಣ್ಣ ಒಣಗಿರುತ್ತದೆ. ಬಂದವರು ಬಿಳಿ ಕ್ಯಾನ್‌ವಾಸಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಗೆರೆಯ ಮೇಲೆಯೇ ಕಲ್ಲಿನ ರಥ ಬರೆಯುವ ಕಷ್ಟ ನಮ್ಮದು.

ನಮ್ಮ ಸುತ್ತಲಲ್ಲೇ ಕೂತು ಹೆಸರು ಮಾಡಿದವರಿಲ್ಲ ಎಂದಲ್ಲ. ಸಂಡೂರಿನ ವಿ.ಟಿ. ಕಾಳೆಯವರು ಬೆಂಗಳೂರಿಗೆ ಗುಳೆ ಹೋಗದೆ ಅಲ್ಲೇ ನೆಲೆಸಿ ಲಂಬಾಣಿ ಹೆಣ್ಣುಮಕ್ಕಳನ್ನು ಬರೆದರು. ಉಳಿದವರಿಗೆ 2003ರಿಂದ ಒಂದು ದಿನದ ಗ್ಯಾಲರಿ ಸಿಕ್ಕಿತು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಜನವರಿಯ ಆ ಭಾನುವಾರಕ್ಕೆ ಮುಂಚಿನ ರಾತ್ರಿ ಕೊಟ್ಟೂರು, ಹರಪನಹಳ್ಳಿಯ ಬಸ್ಸುಗಳಲ್ಲಿ ಕ್ಯಾನ್‌ವಾಸ್ ಸುರುಳಿ ಹಿಡಿದು ಹೊರಟವರು ಸಿಗುತ್ತಾರೆ. ಕುಮಾರಕೃಪಾ ರಸ್ತೆಯ ಫುಟ್‌ಪಾತಿನ ಮೇಲೆ ಹಂಪಿಯ ಕಲ್ಲಿನ ರಥ, ಎತ್ತಿನ ಗಾಡಿ, ಬುದ್ಧ. ಬುದ್ಧ ಮಾರಾಟವಾಗುತ್ತಾನೆ, ಗಾಡಿ ವಾಪಸ್ ಬರುತ್ತದೆ. ಈಗೀಗ ನನ್ನ ಹಳೆಯ ವಿದ್ಯಾರ್ಥಿಗಳು ಬುದ್ಧನನ್ನೇ ಹೆಚ್ಚು ಬರೆಯುತ್ತಾರೆ, ಅವರನ್ನು ಬೈಯುವಂತಿಲ್ಲ.

ಅಷ್ಟರಲ್ಲಿ ಫ್ಲೆಕ್ಸ್ ಬಂತು. ಮೊದಲು ಹೊಸಪೇಟೆಯಿಂದ, ದಾವಣಗೆರೆಯಿಂದ ಅಚ್ಚಾಗಿ ಬರುತ್ತಿತ್ತು, ಆಮೇಲೆ ಊರಲ್ಲೇ ಮಿಷನ್ನು ಕೂತಿತು. ಎರಡು ದಿನದ ಬೋರ್ಡು ಅರ್ಧ ಗಂಟೆಗೆ. ಬೋರ್ಡ್ ಬರೆಯುವವರಲ್ಲಿ ಕೆಲವರು ಕಂಪ್ಯೂಟರ್ ಕಲಿತರು, ಕೆಲವರು ಮನೆಗೆ ಬಣ್ಣ ಬಳಿಯುವ ಕೆಲಸ ಹಿಡಿದರು, ಒಬ್ಬ ಹಡಗಲಿ ಮಲ್ಲಿಗೆಯ ವ್ಯಾಪಾರಕ್ಕೆ ಇಳಿದ. ಜನ ಫ್ಲೆಕ್ಸಿನಿಂದ ಊರು ಗಲೀಜಾಯಿತು ಎಂದು ಬೇಸರಪಡುತ್ತಾರೆ. ನನ್ನ ಬೇಸರ ಅದಲ್ಲ. ಬ್ರಷ್ ತೊಳೆಯಲು ಸೇರುವ ಹುಡುಗನಿಗೆ ಈಗ ಸೇರಲು ಅಂಗಡಿಯಿಲ್ಲ. ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರೆ ಆ ಕುರ್ಚಿ ಹಾಗೇ ಖಾಲಿ ಇರುವುದನ್ನೂ ಕಾಣುತ್ತಿದ್ದೇನೆ. ಎರಡೂ ಬಾಗಿಲು ಮುಚ್ಚಿದರೆ ಹುಡುಗ ಫೋನಿನಲ್ಲಿ ನೋಡಿ ಕಲಿಯುತ್ತಾನೆ. ಚೆನ್ನಾಗಿಯೇ ಕಲಿಯುತ್ತಾನೆ, ಆದರೆ ಅವನಿಗೆ ಎತ್ತಿನ ಜಾಗ ಹೇಳಿಕೊಡುವವರು ಸಿಗುವುದಿಲ್ಲ.

ಕೈಕೆಲಸ ಪೂರಾ ಸತ್ತಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಎಳೆಯುವಾಗಲೇ ಉರುಳಿತು. ಆಮೇಲೆ ಹೊಸ ತೇರು ಬಂತು, ಮರಗೆಲಸದವರು ಉಳಿ ಹಿಡಿದು ಕೂತರೆ ಸುತ್ತ ಜನ ನಿಂತು ನೋಡಿದರು. 2023ರ ಜುಲೈನಲ್ಲಿ ಜಿ-20 ಸಭೆಗೆಂದು ಹಂಪಿಯಲ್ಲಿ ಸಂಡೂರು ಕುಶಲಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಹರಡಿ ಗಿನ್ನೆಸ್ ದಾಖಲೆ ಬರೆಸಿದರು. ಈ ಸೀಮೆಯಲ್ಲಿ ನಡೆದ ಅತಿ ದೊಡ್ಡ ಕಲಾ ಉದ್ಘಾಟನೆ ಅದೇ ಇರಬೇಕು, ಪರದೇಶದ ಪ್ರತಿನಿಧಿಗಳು, ಕ್ಯಾಮೆರಾ, ಎಲ್ಲ. ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳಲ್ಲಿ ಅದೇ ಹೊಲಿಗೆ ಹಾಕುವ ಅಜ್ಜಿಯರಿದ್ದಾರೆ, ಕನ್ನಡಿ ಬಿಲ್ಲೆ ಕೂರಿಸಿದ ತಮ್ಮ ಪೇಟಿಯಾ ಲಂಗವನ್ನು ಪೆಟ್ಟಿಗೆಯಲ್ಲಿಟ್ಟು ಮೊಮ್ಮಗಳಿಗೆ ರೆಡಿಮೇಡ್ ಚೂಡಿದಾರ್ ಕೊಡಿಸಿದವರು.

2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು, ಐದೂ ತಾಲೂಕು ಅದರೊಳಗೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸಾಗಿ, ಮೂರನೇ ಸಲ ವಿಳಾಸ ಬದಲಿಸಿದೆ. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಹೊಸ ಕಟ್ಟಡ. ನಾವು ಕೆಲವು ಹಳೆಯ ಮೇಷ್ಟ್ರುಗಳು, ಅಂಗಡಿ ಮುಚ್ಚಿದ ಇಬ್ಬರು ಬೋರ್ಡ್ ಬರೆಯುವವರು ಸೇರಿ ತಾಲೂಕಿಗೊಂದು ಕೋಣೆ ಕೇಳುತ್ತ ತಿರುಗುತ್ತಿದ್ದೇವೆ. ಹೊಸದು ಬೇಡ, ಖಾಲಿ ಬಿದ್ದ ಹಳೆಯದೇ ಸಾಕು. ಸುಣ್ಣ ಬಳಿದ ಗೋಡೆ, ಗೋಡೆಯ ಮೇಲಂಚಿಗೆ ಒಂದು ಕಬ್ಬಿಣದ ಪಟ್ಟಿ, ಕೊಕ್ಕೆಗಳು, ಮೇಲೆ ದೀಪ, ಮಳೆಗೆ ಸೋರದ ಮಾಳಿಗೆ. ಅರ್ಜಿ ತೆಗೆದುಕೊಂಡ ಗುಮಾಸ್ತರು ಓದಿ ನೋಡಿ, "ಇದರಾಗ ಬಾಡಿಗಿ ಎಷ್ಟು ಬರ್ತದ್ರಿ?" ಎಂದು ಕೇಳಿದರು. ಬಾಡಿಗೆ ಬರುವುದಿಲ್ಲ, ತೇರಿನ ವಾರ ಬಾಗಿಲು ತೆಗೆದರೆ ಜನ ಬರುತ್ತಾರೆ ಎಂದೆ. ಅರ್ಜಿಯ ಮೇಲೆ ಠಸ್ಸೆ ಬಿತ್ತು, ನಂಬರು ಕೊಟ್ಟಿದ್ದಾರೆ.